ಗುಂಡಿಗೆ ಇದ್ದವರು

ಇಟ್ಟಿಗೆಯಕ್ಕನ ಎದೆಯ ಮೇಲೆ ಆ ವಾರ ಎಷ್ಟು ಜನ ಕೈಯಿಟ್ಟರು ಎಂದು ಯಾರೂ ಲೆಕ್ಕ ಇಡಲಿಲ್ಲ. ಕಟ್ಟಿಕೊಂಡ ಗಂಡ ಇಷ್ಟು ವರ್ಷಗಳಲ್ಲಿ ಅಷ್ಟು ಸಲ ಇಟ್ಟಿರಲಿಲ್ಲ. ಈ ಮಾತನ್ನು ಅವಳೇ ಅತ್ತೆಗೆ ಹೇಳಿದಳು. ಅತ್ತೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನಗುತ್ತಲೇ ಬಾಗಿಲ ಕಡೆ ನೋಡಿದಳು. ನಗು ನಿಂತಿತು. ಇನ್ನೊಂದು ಹಿಂಡು ಬರುತ್ತಿತ್ತು.

ಡಾಕ್ಟರಿಕೆ ಕಲಿಯುವ ಹುಡುಗ ಹುಡುಗಿಯರು. ಬಿಳಿ ಕೋಟು, ಕುತ್ತಿಗೆಗೆ ಸ್ಟೆತಾಸ್ಕೋಪು. ವಾರ್ಡಿನ ಹೆಂಗಸರಿಗೆ ಅವಳು ಇಟ್ಟಿಗೆಯಕ್ಕ. ಇವರ ಬಾಯಲ್ಲಿ ಕಿಟಕಿ ಪಕ್ಕದ ಕೇಸು.

"ಎಡಕ್ಕೆ ಹೊರಳು."

ಹೊರಳಿದಳು.

"ಉಸಿರು ಬಿಡು. ಹಾಗೇ ಹಿಡಿ."

ಹಿಡಿದಳು. ಉಸಿರಿಗಾಗಿಯೇ ಆಸ್ಪತ್ರೆ ಸೇರಿದವಳಿಗೆ ಉಸಿರು ಹಿಡಿ ಅನ್ನುವುದು ಬರಿಗೈಯವನ ಹತ್ತಿರ ಚಿಲ್ಲರೆ ಕೇಳಿದ ಹಾಗೆ. ತಣ್ಣನೆಯ ಬಿಲ್ಲೆ ಎಡಮೊಲೆಯ ಕೆಳಗೆ ಕೂತಿತು. ಒಬ್ಬ ಎದ್ದ, ಇನ್ನೊಬ್ಬ ಬಗ್ಗಿದ.

"ಸಿಕ್ತಾ?"

"ಸಿಕ್ತು ಕಣೋ. ಏನು ಕ್ಲಿಯರ್ ಮರ್ಮರ್!"

ಅವಳ ಅಂಗಿ ಪೂರ್ತಿ ತೆರೆದಿತ್ತು. ಆಸ್ಪತ್ರೆಯ ಅಂಗಿ, ಮುಂದೆ ಬಿಚ್ಚುವಂಥದ್ದು. ಎಳೆದು ಎಳೆದು ಗುಂಡಿಗಳೆಲ್ಲ ಉದುರಿಹೋಗಿದ್ದವು. ಊಟದ ಗಾಡಿಯವನು ಗಾಡಿ ತಳ್ಳಿಕೊಂಡು ಪಕ್ಕದಲ್ಲೇ ಹಾದುಹೋದ. ಎದುರು ಬೆಡ್ಡಿನ ಅಜ್ಜಿಯನ್ನು ನೋಡಲು ಬಂದಿದ್ದ ಅಳಿಯ ನಾಚಿ ಫ್ಯಾನು ನೋಡುತ್ತ ನಿಂತ. ಅತ್ತೆ ಟವೆಲು ತಂದು ಸೊಸೆಯ ಎದೆ ಮುಚ್ಚಿದಳು. ಹುಡುಗನೊಬ್ಬ ಅದನ್ನು ಎರಡು ಬೆರಳಲ್ಲಿ, ಸತ್ತ ಇಲಿಯನ್ನು ಎತ್ತುವ ಹಾಗೆ ಎತ್ತಿ ಪಕ್ಕಕ್ಕೆ ಹಾಕಿದ.

"ಸ್ವಲ್ಪ ಆ ಕಡೆ ಹೋಗಜ್ಜಿ. ಡಿಸ್ಟರ್ಬ್ ಮಾಡ್ಬೇಡ."

ಇಟ್ಟಿಗೆಯಕ್ಕ ಕಣ್ಣು ಮುಚ್ಚಿಕೊಂಡಳು. ಮುಚ್ಚಿಕೊಳ್ಳಲು ಅವಳ ಕೈಯಲ್ಲಿದ್ದದ್ದು ಅದೊಂದೇ.

ಅವಳು ಕಟ್ಟಡದ ಕೆಲಸದವಳು. ತಲೆಯ ಮೇಲೆ ಇಟ್ಟಿಗೆ ಹೊತ್ತು ಮಹಡಿ ಹತ್ತಿಸುವುದು ಅವಳ ಕಸುಬು. ಪಕ್ಕಕ್ಕೆ ಗೋಡೆಯಿಲ್ಲದ, ಕೈಪಿಡಿಯಿಲ್ಲದ ಮೆಟ್ಟಿಲು. ಮೊದಮೊದಲು ನಾಲ್ಕನೇ ಮಹಡಿಯಲ್ಲಿ ದಮ್ಮು ಹತ್ತಿತು. ಆಮೇಲೆ ಎರಡನೆಯದರಲ್ಲಿ. ಕೊನೆಗೆ ಇಟ್ಟಿಗೆ ಹೊರದೆ ಬರಿ ತಲೆಯಲ್ಲಿ ನಿಂತರೂ ಎದೆ ತಿದಿ ಒತ್ತುತ್ತಿತ್ತು. "ನಾಟಕ ಆಡ್ತಾಳೆ, ಸಿನಿಮಾಗೆ ಸೇರ್ಕೊ ಹೋಗು," ಅಂತ ಮೇಸ್ತ್ರಿ ಹಂಗಿಸಿದ. ಅವಳು ಇಟ್ಟಿಗೆಯೊಂದನ್ನು ಅವನ ಕಾಲಿನ ಮೇಲೆ ಬೀಳಿಸಿದಳು. ಕೈ ಜಾರಿತು ಅಂದಳು. ಮಾರನೇ ದಿನ ಅಲ್ಲೇ ಮರಳಿನ ರಾಶಿಯ ಮೇಲೆ ಬಿದ್ದಳು. ಆಗ ಕುಂಟುತ್ತಾ ಬಂದು ಆಟೋಗೆ ಹಾಕಿದವನೂ ಅದೇ ಮೇಸ್ತ್ರಿ. ಆಟೋ ಹೊರಟ ಮೇಲೆ ಅವಳ ಜಾಗಕ್ಕೆ ಬೇರೆಯವಳನ್ನು ತೆಗೆದುಕೊಂಡವನೂ ಅವನೇ.

ರೋಗ ಏನೆಂದು ತಿಳಿಸಿ ಹೇಳಿದ್ದು ವಾರ್ಡಿನ ಗುಡುಗು ಸಿಸ್ಟರ್. ದನಿ ದೊಡ್ಡದು, ಮೈಯೂ ದೊಡ್ಡದು. ಅವಳು ಬೈದರೆ ಕೆಳಗಿನ ಮಹಡಿಯ ರೋಗಿಗಳೂ ಮಾತ್ರೆ ನುಂಗುತ್ತಾರೆ ಎಂದು ವಾರ್ಡಿನಲ್ಲಿ ತಮಾಷೆ ಮಾಡುತ್ತಿದ್ದರು.

"ಚಿಕ್ಕವಳಿದ್ದಾಗ ಗಂಟಲು ನೋವು ಬಂದು, ಆಮೇಲೆ ಕೀಲೆಲ್ಲ ಊದಿ ಜ್ವರ ಬಂದಿತ್ತಾ?"

"ಬಂದಿತ್ತು. ನಮ್ಮವ್ವ ಬಿಸಿನೀರು ಕಾಯಿಸಿ ಶಾಖ ಕೊಟ್ಳು. ಹೋಯ್ತು."

"ಹೋಗಿಲ್ಲ ಕಣೇ. ಒಳಗೆ ಹೋಗಿ ಕೂತ್ಕೊಂಡ್ತು. ನಿನ್ನ ಹಾರ್ಟ್‌ನಲ್ಲಿ ಒಂದು ಬಾಗಿಲಿದೆ, ವಾಲ್ವು ಅಂತಾರೆ. ಅದು ಅಂಟ್ಕೊಂಡುಬಿಟ್ಟಿದೆ. ಪೂರ್ತಿ ತೆಗೆಯಲ್ಲ. ರಕ್ತ ಸಂದಿಯಲ್ಲಿ ನುಸೀಬೇಕು. ನುಸಿಯೋವಾಗ ಗೊರಗೊರ ಅಂತ ಶಬ್ದ ಬರುತ್ತೆ, ಇವರು ಮರ್ಮರ್ ಅನ್ನೋದು ಅದನ್ನೇ. ನುಸಿಯೋಕಾಗದೇ ಇದ್ದದ್ದು ಹಿಂದಕ್ಕೆ ನಿಂತು ಶ್ವಾಸಕೋಶದಲ್ಲಿ ನೀರು ತುಂಬುತ್ತೆ. ಅದಕ್ಕೇ ದಮ್ಮು."

ಅತ್ತೆ ನಡುವೆ ಬಾಯಿ ಹಾಕಿದಳು. "ಎಣ್ಣೆ ಬಿಟ್ರೆ ಆಗಲ್ವಾ?"

"ಆಗಲ್ಲ ಅಜ್ಜಿ. ತೊಡೆ ಸಂದಿಯಿಂದ ತಂತಿ ತೂರಿಸಿ, ಆ ಬಾಗಿಲ ಹತ್ರ ಬಲೂನು ಊದಿ ಅಗಲ ಮಾಡ್ತಾರೆ."

"ಬಲೂನಾ?" ಅತ್ತೆ ಕಣ್ಣರಳಿಸಿದಳು. "ಎದೆ ಒಳಗೆ ಹುಟ್ಟುಹಬ್ಬ ಮಾಡ್ತಾರಾ?"

ಗುಡುಗು ಸಿಸ್ಟರ್ ಆರೈಕೆಯಲ್ಲಿ ಕಟುಕಿ. ಬೆನ್ನಿಗೆ ಒರಗು ಕೊಟ್ಟು ಕೂರಿಸಿಯೇ ಮಲಗಿಸುತ್ತಿದ್ದಳು. ದಿನಾ ಬೆಳಿಗ್ಗೆ ತೂಕ ನೋಡುತ್ತಿದ್ದಳು. ಹೆಬ್ಬೆರಳಿನಿಂದ ಪಾದ ಒತ್ತಿ, ಗುಳಿ ಬಿದ್ದರೆ ಅವಳ ಕಡೆ ಕಣ್ಣು ಬಿಡುತ್ತಿದ್ದಳು, ಊದಿದ್ದು ಅವಳದೇ ತಪ್ಪೆಂಬಂತೆ. ಊಟಕ್ಕೆ ಉಪ್ಪಿಲ್ಲ. ಕುಡಿಯುವ ನೀರು ಅಳತೆಯಲ್ಲಿ. ಹೊಯ್ದ ಉಚ್ಚೆಯೂ ಅಳತೆಯಲ್ಲಿ. ಬೆಳಿಗ್ಗೆ ನೀರಿಳಿಸುವ ಇಂಜೆಕ್ಷನ್ ಕೊಟ್ಟ ಮೇಲೆ ಇಟ್ಟಿಗೆಯಕ್ಕ ಬೆಡ್‌ಪ್ಯಾನ್ ಬಿಟ್ಟು ಏಳುವಂತಿರಲಿಲ್ಲ. ಆ ಪ್ಯಾನನ್ನು ಸಿಸ್ಟರ್ ತಾನೇ ಕೊಟ್ಟು ತಾನೇ ತೆಗೆಯುತ್ತಿದ್ದಳು, ಮೂಗು ಮುರಿಯದೆ. ಆ ವಾರ್ಡಿನಲ್ಲಿ ಇಟ್ಟಿಗೆಯಕ್ಕನ ಮೈಯನ್ನು ಹೇಳಿ ಮುಟ್ಟುತ್ತಿದ್ದವಳು ಅವಳೊಬ್ಬಳೇ. "ಈಗ ಬೆನ್ನು ಒರೆಸ್ತೀನಿ, ತಣ್ಣಗಿರುತ್ತೆ, ಬೈಬೇಡ," ಅನ್ನುತ್ತಿದ್ದಳು. ಆಮೇಲೆಯೇ ಒರೆಸುತ್ತಿದ್ದಳು.

ಬಲೂನು ಮಾತ್ರ ಬರಲಿಲ್ಲ. ಇಟ್ಟಿಗೆಯಕ್ಕನಿಗಿಂತ ಆಮೇಲೆ ಬಂದ ಇಬ್ಬರು ಬಲೂನು ಹಾಕಿಸಿಕೊಂಡು ಮನೆಗೆ ಹೋದರು. ಕೇಳಿದರೆ "ನಿಂದು ಬರುತ್ತೆ" ಅನ್ನುತ್ತಿದ್ದರು.

ಯಾಕೆ ಬರಲಿಲ್ಲ ಎಂದು ಗೊತ್ತಾದದ್ದು ಒಂದು ಮಧ್ಯಾಹ್ನ. ಇಬ್ಬರು ಹುಡುಗರು ಅವಳ ಎದೆ ಕೇಳಿ ಮುಗಿಸಿ, ಅವಳ ಬೆಡ್ಡಿನ ಕಂಬಿಗೇ ಒರಗಿಕೊಂಡು ಮಾತಾಡುತ್ತಿದ್ದರು. ಹೊಲದಲ್ಲಿ ನಿಂತು ಎಮ್ಮೆಯ ಮುಂದೆ ಮಾತಾಡಲು ಯಾರು ಹೆದರುತ್ತಾರೆ?

"ಈ ಕೇಸಿಗೆ ಇನ್ನೂ ಬಲೂನ್ ಮಾಡಿಲ್ವಾ?"

"ಮಾಡಿದ್ರೆ ಮರ್ಮರ್ ಹೋಗ್ಬಿಡುತ್ತಲ್ಲೋ. ಪರೀಕ್ಷೆ ಮುಗೀಲಿ ಅಂತ ಸಾರ್ ಹೇಳಿದಾರೆ. ಇಷ್ಟು ಒಳ್ಳೇ ಕೇಸು ಮತ್ತೆ ಎಲ್ಲಿ ಸಿಗುತ್ತೆ?"

ಅವರು ಹೋದರು. ಸಿಸ್ಟರ್ ಮಾತ್ರೆ ತಂದಾಗ ಇಟ್ಟಿಗೆಯಕ್ಕ ನೇರ ಕೇಳಿದಳು.

"ಪರೀಕ್ಷೆ ಮುಗಿಯೋ ತನಕ... ನನ್ನ ಬಾಗಿಲು ಮುಚ್ಕೊಂಡಿರ್ಬೇಕಂತೆ. ಹೌದಾ?"

ಸಿಸ್ಟರ್ ಸುಳ್ಳು ಹೇಳಲಿಲ್ಲ. "ಹೌದು. ನಾನು ಎರಡು ಸಲ ಜಗಳ ಆಡಿದೀನಿ. ನಿಮ್ಮ ಕೆಲಸ ನೋಡ್ಕೊಳ್ಳಿ ಅಂದ್ರು ದೊಡ್ಡ ಡಾಕ್ಟ್ರು."

"ಅಷ್ಟರೊಳಗೆ ಸತ್ರೆ?"

"ಸಾಯೋಕೆ ನಾನು ಬಿಡಲ್ಲ," ಅಂದಳು ಸಿಸ್ಟರ್. ಆದರೆ ಆ ಸಲ ಅವಳ ದನಿಯಲ್ಲಿ ಗುಡುಗು ಇರಲಿಲ್ಲ.

ಎರಡು ದಿನ ಬಿಟ್ಟು ಇಟ್ಟಿಗೆಯಕ್ಕ ಸಾಯಲು ಹೊರಟೇಬಿಟ್ಟಳು. ಊಟದ ಹೊತ್ತು. ತುತ್ತು ಬಾಯಿಗಿಟ್ಟವಳು ಇದ್ದಕ್ಕಿದ್ದಂತೆ ಕೆಮ್ಮಿದಳು. ಬಾಯಿಂದ ನೊರೆ ಬಂತು, ತೆಳು ಗುಲಾಬಿ ಬಣ್ಣದ್ದು. ಒಣ ಹಾಸಿಗೆಯ ಮೇಲೆ ಕೂತೇ ಅವಳು ಮುಳುಗುತ್ತಿದ್ದಳು. ತುಟಿ ನೀಲಿಯಾಯಿತು. ಅತ್ತೆ ಕೂಗಿಕೊಂಡಳು. ಸಿಸ್ಟರ್ ಓಡಿ ಬಂದಳು, ಅಷ್ಟು ದೊಡ್ಡ ಮೈ ಹೊತ್ತು. ನೆಟ್ಟಗೆ ಕೂರಿಸಿ ಕಾಲುಗಳನ್ನು ಬೆಡ್ಡಿನಿಂದ ಕೆಳಕ್ಕೆ ಇಳಿಬಿಟ್ಟಳು. ಮೂಗಿಗೆ ಆಕ್ಸಿಜನ್ ಬಿಗಿದಳು. ಚಿಕ್ಕ ಡಾಕ್ಟರನ್ನು ಊಟದ ತಟ್ಟೆ ಸಮೇತ ಎಳೆತರಿಸಿದಳು, ಇಂಜೆಕ್ಷನ್ ಹಾಕಿದಳು. "ನನ್ನ ಮುಖ ನೋಡು. ಬೇರೆ ಎಲ್ಲೂ ನೋಡ್ಬೇಡ. ನನ್ನ ಮುಖ ನೋಡು," ಅನ್ನುತ್ತ ಬೆನ್ನಿಗೆ ತನ್ನ ಹೆಗಲು ಕೊಟ್ಟು ನಿಂತಳು. ಸಂಜೆಯ ಹೊತ್ತಿಗೆ ನೀರು ಇಳಿಯಿತು. ಇಟ್ಟಿಗೆಯಕ್ಕ ಉಳಿದಳು.

ಮಾರನೇ ದಿನ ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರು ಅವಳ ಎದೆಗೆ ಸ್ಟೆತಾಸ್ಕೋಪು ಇಟ್ಟರು. ತಲೆಯಾಡಿಸಿದರು. ಹಿಂದಿದ್ದವರಿಗೆ ಹೇಳಿದರು: "ಗುಡ್. ಸೌಂಡ್ ಹಾಗೇ ಇದೆ."

ಆಮೇಲೆ ಸಿಸ್ಟರ್ ಕಡೆ ತಿರುಗಿದರು. "ಪರೀಕ್ಷೆ ದಿನ ಬೆಳಿಗ್ಗೆ ಇವಳ ನೀರಿನ ಇಂಜೆಕ್ಷನ್ ತಡೀರಿ. ಮಧ್ಯೆ ಮಧ್ಯೆ ಪ್ಯಾನ್ ಕೇಳಿದ್ರೆ ಅಸಹ್ಯ. ಮಧ್ಯಾಹ್ನ ಕೊಟ್ರಾಯ್ತು."

ದೊಡ್ಡ ಡಾಕ್ಟರು ಬಾಗಿಲು ದಾಟಿದ ಮೇಲೆ ಇಟ್ಟಿಗೆಯಕ್ಕ ಅಂದ ಮಾತು ಬರೆಯುವಂಥದ್ದಲ್ಲ. ಡಾಕ್ಟರ ತಾಯಿ ತಂದೆ ಇಬ್ಬರೂ ಅದರಲ್ಲಿ ಬಂದಿದ್ದರು. ಉಸಿರು ಸಾಲದೆ ಮಾತು ಅರ್ಧಕ್ಕೆ ನಿಂತಾಗ ಉಳಿದದ್ದನ್ನು ಅತ್ತೆ ಪೂರ್ತಿ ಮಾಡಿದಳು.

ಪಕ್ಕದ ಬೆಡ್ಡಿನಲ್ಲಿ ಟೇಲರಮ್ಮ ಇದ್ದಳು. ಅವಳ ವಾಲ್ವು ಇನ್ನೊಂದು ಥರ, ಮುಚ್ಚದೆ ಸೋರುವಂಥದ್ದು. ಪರೀಕ್ಷೆಗೆ ಅವಳೂ ಕೇಸು. ಎದುರಿನ ಅಜ್ಜಿಯೂ ಕೇಸು. ಮೂಲೆಯ ಕೊನೆಯ ಬೆಡ್ಡಿನ, ಮದುವೆ ಗೊತ್ತಾದ ಹುಡುಗಿಯೂ ಕೇಸು. ಆ ಹುಡುಗಿ ಹಿಂಡು ಬಂದಾಗಲೆಲ್ಲ ಗೋಡೆ ಕಡೆ ಮುಖ ಮಾಡಿ ಅಳುತ್ತಿದ್ದಳು. ಅಳುವಾಗ ಎದೆ ಸರಿಯಾಗಿ ಕೇಳಿಸಲ್ಲ ಎಂದು ಅವಳಿಗೆ ಬೈಗುಳ ಬೇರೆ.

"ಅಕ್ಕಾ," ಅಂದಳು ಟೇಲರಮ್ಮ, "ನಾನು ಊರಿನ ಹೆಂಗಸರಿಗೆಲ್ಲ ಬಟ್ಟೆ ಹೊಲಿದವಳು. ಇಲ್ಲಿ ನನ್ನ ಮೈ ಮೇಲೆ ಒಂದು ಗುಂಡಿ ಇಲ್ಲ ನೋಡು."

ಇಟ್ಟಿಗೆಯಕ್ಕ ಅವಳನ್ನೇ ನೋಡಿದಳು. "ಹೊಲಿ ಮತ್ತೆ."

"ಏನನ್ನ?"

"ಗುಂಡಿ. ಎಲ್ಲರ ಅಂಗಿಗೂ. ಕುತ್ತಿಗೆಯಿಂದ... ಮೊಣಕಾಲ ತನಕ."

ಟೇಲರಮ್ಮನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಅವಳ ಮುಖದಲ್ಲಿ ಹಬ್ಬಿದ ನಗುವಿಗೆ ಸೋರುವ ವಾಲ್ವು ಅಡ್ಡ ಬರಲಿಲ್ಲ. ಅತ್ತೆ ಅವತ್ತೇ ಟೇಲರಮ್ಮನ ಮನೆಗೆ ಹೋಗಿ, ಮಿಷನ್ನಿನ ಡ್ರಾಯರಿನಲ್ಲಿದ್ದ ಗುಂಡಿಗಳನ್ನೆಲ್ಲ ಫ್ಲಾಸ್ಕಿನಲ್ಲಿ ತುಂಬಿಕೊಂಡು ಬಂದಳು. ಕೋಟಿನ ಗುಂಡಿ, ಪ್ಯಾಂಟಿನ ಗುಂಡಿ, ಮಕ್ಕಳ ಫ್ರಾಕಿನ ಹೂವಿನ ಗುಂಡಿ. ಟೇಲರಮ್ಮ ಬೆಡ್ಡಿನ ಮೇಲೆ ಕೂತು ಹೊಲಿದಳು. ದಮ್ಮು ಬಂದಾಗ ಸೂಜಿ ಇಟ್ಟಳು, ಹೋದಾಗ ಎತ್ತಿದಳು. ಅಜ್ಜಿ ದಾರ ಪೋಣಿಸಲು ಹೋಗಿ ಸೂಜಿಯನ್ನೇ ಕಳೆದಳು, ಅದು ಆಮೇಲೆ ಅವಳ ದಿಂಬಿನಲ್ಲೇ ಸಿಕ್ಕಿತು. ಮೂಲೆಯ ಹುಡುಗಿ ಹೂವಿನ ಗುಂಡಿಗಳು ತನಗೇ ಬೇಕೆಂದಳು. ಆ ವಾರ್ಡಿಗೆ ಬಂದ ಮೇಲೆ ಅವಳು ಬೇಕು ಅಂದದ್ದು ಅದೇ ಮೊದಲು.

ಗುಡುಗು ಸಿಸ್ಟರ್ ಬಂದಳು. ಹೊಲಿಗೆ ನೋಡಿದಳು. ಸಿಸ್ಟರ್ ಒಂದು ಅಂಗಿಯ ಗುಂಡಿ ಎಳೆದು ಪರೀಕ್ಷಿಸಿ, "ಎರಡೆಳೆ ದಾರ ಹಾಕಮ್ಮ, ಕಿತ್ತು ಬಂದ್ರೆ ಮರ್ಯಾದೆ ಹೋಗುತ್ತೆ," ಅಂದು ಹೋದಳು.

"ಗುಂಡಿಗೆ ಇದ್ದವರು ಗುಂಡಿ ಹಾಕ್ಕೊಳ್ರಪ್ಪೋ!" ಅಂತ ಟೇಲರಮ್ಮ ಸಾರಿದಳು. ಆ ವಾರ್ಡಿನಲ್ಲಿ ನೆಟ್ಟಗಿರುವ ಗುಂಡಿಗೆ ಯಾರಿಗೂ ಇರಲಿಲ್ಲ. ಎಲ್ಲರೂ ಹಾಕಿಕೊಂಡರು.

ಪರೀಕ್ಷೆಯ ಬೆಳಿಗ್ಗೆ ಸಿಸ್ಟರ್ ಇಂಜೆಕ್ಷನ್ ತಂದಳು, ದಿನಾ ತರುವ ಹೊತ್ತಿಗೇ.

"ತಡೀಬೇಕು ಅಂದಿದ್ರಲ್ಲ," ಅಂದಳು ಇಟ್ಟಿಗೆಯಕ್ಕ.

"ಅಂದಿದ್ರು. ನಿನ್ನ ಎದೆಗೆ ನೀರು ತುಂಬಿದ್ರೆ ಅವರು ಬಂದು ಬೆನ್ನು ಹಿಡೀತಾರಾ? ಕೈ ಚಾಚು."

ಮೊದಲು ಬಂದವನು ತೆಳ್ಳಗಿನ ಹುಡುಗ. ಟವೆಲು ಎತ್ತಿ ಹಾಕಿದವನೇ. ಬಂದವನು ಅಂಗಿ ನೋಡಿದ. ಕಪ್ಪು, ಕೆಂಪು, ಹಿತ್ತಾಳೆ ಗುಂಡಿಗಳ ಸಾಲು. ಮೇಲಿನದಕ್ಕೆ ಕೈಹಾಕಿದ.

"ಮುಟ್ಬೇಡ," ಅಂದಳು ಇಟ್ಟಿಗೆಯಕ್ಕ.

"ಅಮ್ಮಾ, ಪರೀಕ್ಷೆ..."

"ನಿಂಗೆ ಪರೀಕ್ಷೆ. ನಂಗೆ ಪ್ರಾಣ." ಉಸಿರು ತೆಗೆದುಕೊಂಡಳು. "ಇಷ್ಟು ದಿನ ನನ್ನ ಎದೆ ಕೇಳಿದ್ರಿ. ಒಬ್ಬನಾದ್ರೂ... ನನ್ನ ಕೇಳಿದ್ರಾ?"

ಹುಡುಗ ಪಕ್ಕದ ಬೆಡ್ಡು ನೋಡಿದ. ಟೇಲರಮ್ಮ ಕೈಕಟ್ಟಿ ಕೂತಿದ್ದಳು, ಗುಂಡಿ ಕುತ್ತಿಗೆಯ ತನಕ. ಅಜ್ಜಿ ಹಾಗೇ. ಮೂಲೆಯ ಹುಡುಗಿಯೂ ಹಾಗೇ, ಆ ದಿನ ಗೋಡೆ ಕಡೆ ತಿರುಗದೆ.

ಸುದ್ದಿ ಹೋಗಿ ದೊಡ್ಡ ಡಾಕ್ಟರು ಬಂದರು. ಜೊತೆಗೆ ಪರೀಕ್ಷೆ ಮಾಡಲು ಬೇರೆ ಕಾಲೇಜಿನಿಂದ ಬಂದಿದ್ದ ಡಾಕ್ಟರಮ್ಮ. ವಯಸ್ಸಾದವರು, ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದರು.

"ಏನಿದು ಅವತಾರ?" ದೊಡ್ಡ ಡಾಕ್ಟರ ಮುಖ ಕೆಂಪಾಗಿತ್ತು. "ಬಿಚ್ಚು ಗುಂಡಿ."

"ಬಿಚ್ಚಲ್ಲ."

"ಪುಕ್ಕಟೆ ಟ್ರೀಟ್‌ಮೆಂಟ್ ತಗೊಳ್ಳೋರಿಗೆ ಎಷ್ಟು ಕೊಬ್ಬು ನೋಡಿ!"

"ಪುಕ್ಕಟೆ ಅಲ್ಲ ಸಾರ್," ಅಂದಳು ಇಟ್ಟಿಗೆಯಕ್ಕ. "ದಿನಾ ಬಟ್ಟೆ ಬಿಚ್ಚಿದೀನಿ."

ಸ್ಟೆತಾಸ್ಕೋಪಿನ ಕೊಳವೆ ಹಿಡಿದ ಹುಡುಗ ಹುಡುಗಿಯರೆಲ್ಲ ನೆಲ ನೋಡಿದರು.

"ಡಿಸ್ಚಾರ್ಜ್ ಮಾಡಿಬಿಡ್ತೀನಿ!"

"ಮಾಡಿ. ನಾಳೆನೂ ಪರೀಕ್ಷೆ ಇದೆಯಂತಲ್ಲ... ನಿಮ್ಮೆದೆ ತೋರಿಸಿ."

ದೊಡ್ಡ ಡಾಕ್ಟರು ಬಾಯಿ ತೆರೆದರು. ಅಷ್ಟರಲ್ಲಿ ಬೆಳಗಿನ ಇಂಜೆಕ್ಷನ್ ತನ್ನ ಕೆಲಸ ಮಾಡಿತು. ಇಟ್ಟಿಗೆಯಕ್ಕ ಮುಖ ಹಿಂಡಿದಳು.

"ಸಿಸ್ಟರ್! ಪ್ಯಾನ್! ಬೇಗ!"

ಗುಡುಗು ಸಿಸ್ಟರ್ ಪ್ಯಾನಿನ ಜೊತೆ ಬಟ್ಟೆಯ ಗಾಲಿ ಪರದೆಯನ್ನೂ ಉರುಳಿಸಿಕೊಂಡು ಬಂದಳು. ಸಾಮಾನು ಕೋಣೆಯ ಹಿಂದೆ ಧೂಳು ತಿನ್ನುತ್ತಿದ್ದ ಪರದೆ ಅದು. "ಎಲ್ಲರೂ ಆಚೆ ಸರೀರಿ," ಅಂತ ಗುಡುಗಿದಳು. ಡಾಕ್ಟರಮ್ಮನೇ ಎರಡು ಹೆಜ್ಜೆ ಹಿಂದೆ ಸರಿದರು. ಪರದೆಯ ಹಿಂದೆ ಸ್ಟೀಲಿನ ಪ್ಯಾನಿನಲ್ಲಿ ಧಾರೆ ಬಿದ್ದ ಸದ್ದು ಇಡೀ ವಾರ್ಡಿಗೆ ಕೇಳಿಸಿತು. ಅದು ಬೇಗ ನಿಲ್ಲಲೂ ಇಲ್ಲ.

ಅತ್ತೆ ತೆಳ್ಳಗಿನ ಹುಡುಗನ ಕಡೆ ತಿರುಗಿದಳು. "ಕೊಳವೆ ಇಟ್ಟು ಇದನ್ನೂ ಕೇಳಿಸ್ಕೊಳ್ಳಪ್ಪ. ಇದು ಇನ್ನೂ ಕ್ಲಿಯರ್ರು."

ಮೊದಲು ನಕ್ಕವಳು ಮೂಲೆಯ ಹುಡುಗಿ. ಆಮೇಲೆ ಅಜ್ಜಿ, ಟೇಲರಮ್ಮ. ಆಮೇಲೆ ತಡೆಯಲಾರದೆ ಬಿಳಿ ಕೋಟಿನ ಹುಡುಗಿಯೊಬ್ಬಳು. ಸಿಸ್ಟರ್ ಮಾತ್ರ ನಗದೆ ಪರದೆಯಿಂದ ಹೊರಗೆ ಬಂದು, ದೊಡ್ಡ ಡಾಕ್ಟರ ಮೂಗಿನ ಕೆಳಗೇ ಉಚ್ಚೆ ಅಳೆದಳು.

"ಇವಳಿಗೆ ಬಲೂನ್ ಯಾವತ್ತು?" ಅಂತ ಕೇಳಿದರು ಡಾಕ್ಟರಮ್ಮ.

"ಅದು... ಪರೀಕ್ಷೆ ಮುಗಿದ ಮೇಲೆ ಅಂತ..."

"ಪರೀಕ್ಷೆಗೂ ಅದಕ್ಕೂ ಏನು ಸಂಬಂಧ?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಡಾಕ್ಟರಮ್ಮನಿಗೂ ಗೊತ್ತಿತ್ತು, ಅವರ ಕಾಲೇಜಿನಲ್ಲೂ ಅದೇ ನಡೆಯುತ್ತಿದ್ದಿರಬೇಕು. ಅವರೇನು ದೇವತೆಯಲ್ಲ. "ನಂಗೆ ಸಂಜೆ ರೈಲಿದೆ," ಅಂದರು. "ದಿನ ಹೇಳಿಬಿಡಿ, ಮುಗಿಸೋಣ."

"ನಾಡಿದ್ದು," ಅಂದರು ದೊಡ್ಡ ಡಾಕ್ಟರು, ಹಲ್ಲು ಕಚ್ಚಿಕೊಂಡು.

"ಇವರಿಗೆಲ್ಲ?" ಅಂತ ಇಟ್ಟಿಗೆಯಕ್ಕ ವಾರ್ಡಿನತ್ತ ಕೈ ತೋರಿಸಿದಳು. ದೊಡ್ಡ ಡಾಕ್ಟರು ಬಲೂನಿಗೋ ಆಪರೇಷನ್ನಿಗೋ ಒಬ್ಬೊಬ್ಬರದೂ ದಿನ ಹೇಳಬೇಕಾಯಿತು. ಅಜ್ಜಿ ತನ್ನ ದಿನವನ್ನು ಎರಡು ಸಲ ಹೇಳಿಸಿಕೊಂಡಳು, ಕಿವಿ ಮಂದ ಎಂದು.

ಅವರು ಹೋದ ಮೇಲೆ ತೆಳ್ಳಗಿನ ಹುಡುಗ ಮತ್ತೆ ಬಂದು ನಿಂತ. ಕಣ್ಣಲ್ಲಿ ನೀರಿತ್ತು.

"ಅಕ್ಕಾ... ಕೇಳ್ಬಹುದಾ?"

ಇಟ್ಟಿಗೆಯಕ್ಕ ಅವನನ್ನು ಕಾಯಿಸಿದಳು. ಪರದೆ ಎಳೆಸಿದಳು. "ಎರಡು ಗುಂಡಿ," ಅಂದಳು. "ಮೂರನೇದಕ್ಕೆ ಹೋದ್ರೆ ಕೈ ಮುರೀತೀನಿ."

ಹುಡುಗ ಎರಡೇ ಗುಂಡಿ ಬಿಚ್ಚಿ, ಅಂಗಿಯೊಳಗೆ ಬಿಲ್ಲೆ ಜಾರಿಸಿ ಕೇಳಿದ. ಪಾಸಾದ.

ಗೊತ್ತು ಮಾಡಿದ ದಿನವೇ ಬಲೂನು ಹಾಕಿದರು. ಅಂಟಿಕೊಂಡಿದ್ದ ಬಾಗಿಲು ಬಿಟ್ಟುಕೊಂಡಿತು. ಇಟ್ಟಿಗೆಯಕ್ಕ ಎಷ್ಟೋ ವರ್ಷಗಳ ಮೇಲೆ ಚಪ್ಪಟೆಯಾಗಿ ಮಲಗಿ ನಿದ್ದೆ ಮಾಡಿದಳು. ಎದ್ದು ನೋಡಿದರೆ ಗುಡುಗು ಸಿಸ್ಟರ್ ಇರಲಿಲ್ಲ. ಅವಳನ್ನು ನೆಲಮಾಳಿಗೆಯ ಬಟ್ಟೆ ಉಗ್ರಾಣಕ್ಕೆ ಹಾಕಿದ್ದರು. ಅನುಮತಿಯಿಲ್ಲದೆ ಆಸ್ಪತ್ರೆಯ ಅಂಗಿಗಳನ್ನು ತಿದ್ದಲು ಬಿಟ್ಟಳು ಎಂಬುದು ಅವಳ ಮೇಲಿನ ಆರೋಪ. ರೋಗಿಯನ್ನು ಸಾವಿನ ಬಾಯಿಂದ ಎಳೆದು ತಂದವಳು ಈಗ ದಿಂಬಿನ ಚೀಲ ಎಣಿಸುತ್ತ ಕೂತಳು. ಇಟ್ಟಿಗೆಯಕ್ಕ ಮನೆಗೆ ಹೊರಡುವ ದಿನ ಕೆಳಗಿಳಿದು ಹೋಗಿ ಅವಳ ಮುಂದೆ ನಿಂತಳು. "ಅಳ್ಬೇಡ, ಎದೆಗೆ ಒಳ್ಳೇದಲ್ಲ," ಅಂತ ಸಿಸ್ಟರ್ ಬೈದು ಕಳಿಸಿದಳು.

ಭಾರ ಹೊರಬಾರದು ಎಂದು ಹೇಳಿದ್ದರು. ಇಟ್ಟಿಗೆಯಕ್ಕ ಬೇರೆ ಕಟ್ಟಡದಲ್ಲಿ ಹೊಸ ಗೋಡೆಗೆ ಪೈಪಿನಿಂದ ನೀರು ಹೊಡೆಯುವ ಕೆಲಸ ಹಿಡಿದಳು. ಮುಂದಿನ ವರ್ಷ ಒಂದು ದಿನ ಅವಳು ನೀರು ಹೊಡೆಯುತ್ತಿದ್ದಾಗ ವಾರ್ಡಿನ ಚಿಕ್ಕ ಡಾಕ್ಟರು ಹುಡುಕಿಕೊಂಡು ಬಂದರು. ಬಲೂನು ಹಾಕಿಸಿಕೊಂಡವರ ಎದೆಯಲ್ಲೂ ಸ್ವಲ್ಪ ಶಬ್ದ ಉಳಿದಿರುತ್ತದೆ. ಪರೀಕ್ಷೆಗೆ ಅದೂ ಒಳ್ಳೆಯ ಕೇಸು.

"ಬನ್ನಿ ಅಕ್ಕಾ. ಈಗ ಪರದೆ ಎಳೀತೀವಿ. ಕೇಳೇ ಮುಟ್ತೀವಿ."

ಇಟ್ಟಿಗೆಯಕ್ಕ ಪೈಪು ಕೆಳಗಿಟ್ಟಳು. "ನಮ್ಮ ಸಿಸ್ಟರ್ ಎಲ್ಲಿದಾರೆ?"

"ಉಗ್ರಾಣದಲ್ಲೇ..."

"ಅವರನ್ನ ಮೇಲೆ ತನ್ನಿ. ಆಮೇಲೆ ಬಂದು ಕೇಳಿ."

ಚಿಕ್ಕ ಡಾಕ್ಟರು ತಲೆ ಕೆರೆದುಕೊಂಡರು. "ಟೇಲರಮ್ಮನೂ ಇದನ್ನೇ ಹೇಳಿದ್ರು. ಆ ಮೂಲೆ ಬೆಡ್ಡಿನ ಹುಡುಗಿ ಮನೆಗೂ ಹೋಗಿದ್ದೆ. ಗಂಡನ ಮುಂದೇನೇ ನಂಗೆ ಬೈದ್ಲು."

"ಅಜ್ಜಿ?"

"ಅಜ್ಜಿ ನಾಯಿ ಬಿಟ್ರು."

ಪರೀಕ್ಷೆ ಹತ್ತಿರ ಬಂತು. ಎದೆಗಳು ಸಿಗಲಿಲ್ಲ. ದೊಡ್ಡ ಡಾಕ್ಟರು ಯಾರ ಹತ್ತಿರ ಏನು ಅಂದರೋ, ಒಂದು ಸೋಮವಾರ ಗುಡುಗು ಸಿಸ್ಟರ್ ವಾರ್ಡಿಗೆ ವಾಪಸಾದಳು.

ಬಲೂನು ಹಾಕಿದರೂ ಹಳೇ ಜ್ವರ ಮತ್ತೆ ಬರದಿರಲು ಮೂರು ವಾರಕ್ಕೊಮ್ಮೆ ಇಂಜೆಕ್ಷನ್ ಇರುತ್ತದೆ, ಸೊಂಟದ ಕೆಳಗೆ. ಇಟ್ಟಿಗೆಯಕ್ಕ ಒಂದು ಸಲ ತಪ್ಪಿಸಿದ್ದಳು. ಆ ಸೋಮವಾರ ನಗುನಗುತ್ತ ಹೋದರೆ ಸಿಸ್ಟರ್ ನಗಲಿಲ್ಲ, ತಬ್ಬಲಿಲ್ಲ.

"ತಪ್ಪಿಸ್ತೀಯಾ? ನಿನಗೋಸ್ಕರ ನಾನು ಒಂದು ವರ್ಷ ದಿಂಬು ಎಣಿಸಿದ್ದು ನೀನು ಮತ್ತೆ ಇಲ್ಲಿ ಬಂದು ಬೀಳ್ಲಿ ಅಂತನಾ? ಮಲಕ್ಕೊ. ಈಗ ಚುಚ್ತೀನಿ. ಜೋರಾಗಿ ನೋಯುತ್ತೆ."

ಚುಚ್ಚಿದಳು. ಇಟ್ಟಿಗೆಯಕ್ಕ ಕಿರುಚಿದಳು. ಆಮೇಲೆ ಬೈದಳು. ಸಿಸ್ಟರನ್ನು, ಸೂಜಿಯನ್ನು, ಆಸ್ಪತ್ರೆಯನ್ನು, ದೊಡ್ಡ ಡಾಕ್ಟರನ್ನು, ಅವರ ಹಿಂದಿನ ಮೂರು ತಲೆಮಾರನ್ನು, ಎಲ್ಲೂ ನಿಲ್ಲದೆ, ಒಂದೇ ಉಸಿರಿಗೆ. ಆಚೆ ಓಣಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು.

ಸಿಸ್ಟರ್ ಕೊನೆಯ ತನಕ ಗಮನವಿಟ್ಟು ಕೇಳಿದಳು. ಹತ್ತಿ ಒತ್ತಿದಳು.

"ಉಸಿರು ಚೆನ್ನಾಗಿದೆ," ಅಂದಳು. "ಏಳು. ಮುಂದಿನವರು ಬನ್ನಿ."